ಪಿತ್ತವೂ ಅಲ್ಲ, ಕನ್ನಡಕವೂ ಅಲ್ಲ

ಪದೇ ಪದೇ ಮರಳುವ ತಲೆನೋವು, ಅದರೊಡನೆ ಮಂಜಾಗುವ ಕಣ್ಣು: ಇವೆರಡೂ ಜೊತೆಗೂಡಿದಾಗ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಸಂಗತಿಗಳು

ಸಂಜೆಯ ಏಳು ಗಂಟೆ. ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವೆಡೆಯಲ್ಲಿ ವಾಹನಗಳ ದೀಪಗಳು ಸಾಲುಗಟ್ಟಿವೆ. ಪಂತರಪಾಳ್ಯ–ನಾಯಂಡಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಬಂದ ಗೃಹಿಣಿಯೊಬ್ಬಳು ಒಂದು ಗಳಿಗೆ ಅಲ್ಲಿಯೇ ನಿಲ್ಲುತ್ತಾಳೆ. ವಯಸ್ಸು ನಲವತ್ತೆಂಟು, ಬೆಳಗಿನಿಂದ ಕಛೇರಿಯಲ್ಲಿ ದುಡಿದು ಬಂದವಳು. ಬೀದಿದೀಪದ ಸುತ್ತ, ಎದುರಿಗೆ ಬರುವ ಬಸ್ಸಿನ ದೀಪದ ಸುತ್ತ, ಕಾಮನಬಿಲ್ಲಿನ ಬಣ್ಣದ ಬಳೆಗಳು ಆಕೆಗೆ ಕಾಣುತ್ತಿವೆ. ಬಲಗಣ್ಣಿನ ಹುಬ್ಬಿನೊಳಗೆ ಬಿಗಿಹಿಡಿದಂಥ ನೋವು. ಮನೆ ಸೇರುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ.

"ಪಿತ್ತ ಕಣಮ್ಮ. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡಿರೋಲ್ಲ. ಶುಂಠಿ ಕಷಾಯ ಕುಡಿದು ಮಲಗು" ಎನ್ನುತ್ತಾರೆ ಅತ್ತೆ.

"ಕನ್ನಡಕದ ನಂಬರು ಬದಲಾಗಿರಬೇಕು ಕಣೇ. ಭಾನುವಾರ ಹೋಗಿ ತೋರಿಸ್ಕೊಂಡು ಬರೋಣ" ಎನ್ನುತ್ತಾನೆ ಗಂಡ.

ಹತ್ತೊಂಬತ್ತು ವರ್ಷದ ಮಗಳು ಪುಸ್ತಕದಿಂದ ತಲೆಯೆತ್ತಿ, "ನಂಗೂ ಹೋದ ವಾರ ಹೀಗೇ ಆಯ್ತಲ್ಲಮ್ಮ, ಕಣ್ಮುಂದೆ ಗರಗಸದ ಹಲ್ಲಿನ ಹಾಗೆ ಏನೋ ಮಿಂಚಿ ಆಮೇಲೆ ತಲೆ ಸಿಡೀತು" ಎನ್ನುತ್ತಾಳೆ. "ನಿಂಗೂ ಪಿತ್ತವೇ. ಮನೆತನದ್ದು" ಎಂದು ಅಜ್ಜಿಯ ತೀರ್ಪು ಹೊರಬೀಳುತ್ತದೆ.

ಕತ್ತಲೆಯ ಕೋಣೆಯಲ್ಲಿ ಮಲಗಿದ ತಾಯಿ ಬೆಳಗ್ಗೆ ಏಳುವ ಹೊತ್ತಿಗೆ ನೋವಿಲ್ಲ, ಬಳೆಗಳೂ ಇಲ್ಲ. ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ನಡುವೆ ಒಮ್ಮೆ ಕನ್ನಡಕವೂ ಬದಲಾಗಿದೆ.

ಇದು ಯಾರೋ ಒಬ್ಬರ ಮನೆಯ ವೃತ್ತಾಂತವಲ್ಲ. ಕೆಂಗೇರಿಯಿಂದ ರಾಜಾಜಿನಗರದವರೆಗೆ ಯಾವ ಬೀದಿಯಲ್ಲಾದರೂ ನಡೆಯಬಹುದಾದ ಒಂದು ಕಲ್ಪನೆಯ ಚಿತ್ರ. ಆದರೆ ಈ ಚಿತ್ರದಲ್ಲಿ ವಾಚಕರು ಗಮನಿಸಬೇಕಾದ ಒಂದು ವಿಚಾರವಿದೆ. ತಾಯಿ ಮಗಳಿಬ್ಬರಿಗೂ ತಲೆನೋವು, ಇಬ್ಬರಿಗೂ ಕಣ್ಣಿನ ತೊಂದರೆ, ಇಬ್ಬರಿಗೂ ಓಕರಿಕೆ. ಮನೆಯವರು ಇಬ್ಬರ ಬೇನೆಗೂ ಒಂದೇ ಹೆಸರಿಟ್ಟರು. ವೈದ್ಯಶಾಸ್ತ್ರದ ದೃಷ್ಟಿಯಲ್ಲಾದರೋ ಅವೆರಡೂ ಸಂಪೂರ್ಣವಾಗಿ ಬೇರೆ. ಮಗಳ ನೋವು ಎಷ್ಟೇ ಕ್ರೂರವಾಗಿದ್ದರೂ ಸಾಮಾನ್ಯವಾಗಿ ಕಣ್ಣಿಗೆ ಕೇಡು ಮಾಡಿಹೋಗುವುದಿಲ್ಲ. ತಾಯಿಯದು, ಕಡೆಗಣಿಸಿದರೆ, ಒಂದು ರಾತ್ರಿಯಲ್ಲಿ ಒಂದು ಕಣ್ಣನ್ನೇ ಕಿತ್ತುಕೊಳ್ಳಬಲ್ಲದು.

ನೂರರಲ್ಲಿ ಅರವತ್ತನಾಲ್ಕು ಮಂದಿ

ತಲೆನೋವು ಎಷ್ಟು ಸಾಮಾನ್ಯವೆಂಬುದಕ್ಕೆ ದೂರದ ದೇಶಗಳ ಲೆಕ್ಕವನ್ನು ಹುಡುಕಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು, ವಿದೇಶೀ ತಜ್ಞರ ಸಹಯೋಗದಿಂದ, 2009ರಲ್ಲಿ ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ವಿಚಾರಣೆ ನಡೆಸಿದರು. 18ರಿಂದ 65 ವರ್ಷದೊಳಗಿನ 2329 ಮಂದಿಯನ್ನು ಮಾತನಾಡಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ತಲೆನೋವನ್ನು ಅನುಭವಿಸಿದವರು ನೂರಕ್ಕೆ ಸುಮಾರು 64 ಮಂದಿ ಎಂದು ತಿಳಿದುಬಂದಿತು. ನಾಲ್ವರಲ್ಲಿ ಒಬ್ಬರಿಗೆ ಇದ್ದುದು ಮೈಗ್ರೇನ್, ಎಂದರೆ ಅರೆತಲೆನೋವು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ತಲೆನೋವು ಪೇಟೆಯವರ ಬೇನೆ, ಹಳ್ಳಿಯ ಗಾಳಿಗೆ ಹೋದರೆ ಗುಣವಾಗುತ್ತದೆ ಎಂಬ ನಂಬಿಕೆಗೆ ಈ ವಿಚಾರಣೆಯಲ್ಲಿ ಆಧಾರ ದೊರೆಯಲಿಲ್ಲ.

ಇಷ್ಟು ಸಾಮಾನ್ಯವಾದುದರಿಂದಲೇ ಅಪಾಯವೂ ಇದೆ. ನೂರು ತಲೆನೋವುಗಳಲ್ಲಿ ಬಹುಪಾಲು ನಿರಪಾಯಕರವಾದವು. ಹೀಗಾಗಿ ಎಲ್ಲವನ್ನೂ ನಿರಪಾಯವೆಂದೇ ಎಣಿಸುವ ರೂಢಿ ಬೆಳೆಯುತ್ತದೆ. ಆದುದರಿಂದ ಒಂದೊಂದರ ಗುರುತನ್ನೂ ಬೇರೆಬೇರೆಯಾಗಿ ತಿಳಿಯುವುದು ಒಳ್ಳೆಯದು.

ಕನ್ನಡಕದ ತಲೆನೋವು

ತಲೆನೋವೆಂದೊಡನೆ ಕನ್ನಡಕದ ಅಂಗಡಿಯ ನೆನಪಾಗುವುದು ಸಹಜ. ಅದರಲ್ಲಿ ಸತ್ಯವಿಲ್ಲದೆಯೂ ಇಲ್ಲ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಣ ಸ್ನಾಯು ಬಿಗಿದು ಮಸೂರವನ್ನು ಉಬ್ಬಿಸಬೇಕು. ದೂರದೃಷ್ಟಿಯ ದೋಷವಿರುವವರಲ್ಲಿ ಈ ಸ್ನಾಯುವಿಗೆ ದಿನವಿಡೀ ಬಿಡುವಿಲ್ಲ. ನಲವತ್ತು ದಾಟಿದವರಲ್ಲಿ ಮಸೂರವೇ ಗಡುಸಾಗಿ, ಸೂಜಿಗೆ ದಾರ ಪೋಣಿಸುವಾಗ ಕೈಯನ್ನು ದೂರ ಚಾಚಬೇಕಾಗುತ್ತದೆ. ಕಂಪ್ಯೂಟರು, ಮೊಬೈಲುಗಳ ಮುಂದೆ ಕುಳಿತವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ. ನಿಮಿಷಕ್ಕೆ ಸುಮಾರು 15 ಸಲ ಮುಚ್ಚಿ ತೆರೆಯಬೇಕಾದ ರೆಪ್ಪೆ ಅದರ ಅರ್ಧಕ್ಕೂ ಇಳಿಯುವುದುಂಟು. ಕಣ್ಣು ಒಣಗಿ, ಉರಿದು, ಮಬ್ಬಾಗುತ್ತದೆ.

ಆದರೆ ಈ ಬಗೆಯ ನೋವಿಗೆ ಒಂದು ಶಿಸ್ತಿದೆ. ಬೆಳಗ್ಗೆ ಎದ್ದಾಗ ಇರುವುದಿಲ್ಲ. ಓದಿದಂತೆ, ಬರೆದಂತೆ, ಹೊತ್ತು ಏರಿದಂತೆ ಹೆಚ್ಚುತ್ತದೆ. ಹಣೆಯಲ್ಲಿ, ಕಣ್ಣುಗುಡ್ಡೆಯ ಸುತ್ತ ಮಂದವಾಗಿರುತ್ತದೆ. ಕೆಲಸ ಬಿಟ್ಟು ವಿಶ್ರಮಿಸಿದರೆ ತಗ್ಗುತ್ತದೆ. ವಾಂತಿಯನ್ನು ತರುವುದಿಲ್ಲ, ನಿದ್ರೆಯಿಂದ ಎಬ್ಬಿಸುವುದಿಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಇದಕ್ಕೆ ಎಲ್ಲರೂ ಮಾಡಬಹುದಾದ ಉಪಾಯ. ಸರಿಯಾದ ಕನ್ನಡಕ ಬಂದ ಮೇಲೂ ಕೆಲವು ವಾರಗಳಲ್ಲಿ ನೋವು ನಿಲ್ಲದಿದ್ದರೆ, ತಪ್ಪು ಕನ್ನಡಕದ್ದಲ್ಲ ಎಂದು ತಿಳಿಯಬೇಕೇ ಹೊರತು ಮತ್ತೊಂದು ಕನ್ನಡಕಕ್ಕೆ ಓಡಬಾರದು.

ಕೋಟೆಯ ಗೋಡೆಯಂಥ ಗೆರೆಗಳು

ಇನ್ನು ಮಗಳ ತಲೆನೋವು. ತಲೆಯ ಅರ್ಧಭಾಗವನ್ನು ಸೀಳುವಂಥ ನೋವನ್ನು ನಮ್ಮ ಆಯುರ್ವೇದದವರು ಅರ್ಧಾವಭೇದಕವೆಂದು ಹಿಂದೆಯೇ ಹೆಸರಿಸಿದ್ದರು. ಇಂದಿನವರು ಮೈಗ್ರೇನ್ ಎನ್ನುತ್ತಾರೆ. ಇದು ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದು. ಮಿಡಿಯುವ ನೋವು, ಓಕರಿಕೆ, ಬೆಳಕೂ ಸದ್ದೂ ಸಹಿಸದಿರುವುದು, ಮೆಟ್ಟಿಲು ಹತ್ತಿದರೆ ಹೆಚ್ಚುವುದು ಇದರ ಲಕ್ಷಣಗಳು. ಇದಕ್ಕೊಳಗಾದವರಲ್ಲಿ ಕೆಲವರಿಗೆ ನೋವು ಬರುವ ಮುನ್ನ ಕಣ್ಣಿನ ಮುಂದೆ ಒಂದು ವಿಚಿತ್ರ ದೃಶ್ಯ ಕಾಣುತ್ತದೆ.

ಆ ದೃಶ್ಯವನ್ನು ಅತ್ಯಂತ ಎಚ್ಚರಿಕೆಯಿಂದ ಚಿತ್ರಿಸಿದವರಲ್ಲಿ ಒಬ್ಬ ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ. ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿಯ ಮಗನೀತ. ತಂದೆಗೂ ಮಗನಿಗೂ ಇದೇ ತೊಂದರೆಯಿದ್ದಿತು. ದೃಷ್ಟಿಯ ನಡುವೆ ಹುಟ್ಟಿದ ಒಂದು ಚುಕ್ಕೆ, ನಿಮಿಷ ನಿಮಿಷಕ್ಕೆ ಹಿಗ್ಗಿ, ಅಂಕುಡೊಂಕಿನ ಹೊಳೆಯುವ ಅಂಚುಳ್ಳ ಕಮಾನಾಗಿ ಹೊರಗೆ ಸರಿದು ಮಾಯವಾಗುವುದನ್ನು ಆತ 1870ರಲ್ಲಿ ಚಿತ್ರಸಹಿತ ಪ್ರಕಟಿಸಿದ. ಕೊತ್ತಲಗಳುಳ್ಳ ಕೋಟೆಯ ಗೋಡೆಗೆ ಅದನ್ನು ಹೋಲಿಸಿದ. ಮೈಗ್ರೇನ್ ವಂಶಪಾರಂಪರ್ಯವಾಗಿ ಬರುವುದುಂಟೆಂಬುದಕ್ಕೆ ಈ ತಂದೆ ಮಕ್ಕಳೇ ಸಾಕ್ಷಿ. "ಮನೆತನದ್ದು" ಎಂದ ಅಜ್ಜಿಯ ಮಾತು ಅಷ್ಟರಮಟ್ಟಿಗೆ ನಿಜವೇ.

ಈ ಗೆರೆಗಳು ಹುಟ್ಟುವುದು ಕಣ್ಣಿನಲ್ಲಲ್ಲ, ಮಿದುಳಿನಲ್ಲಿ. 1944ರಲ್ಲಿ ಬ್ರೆಜಿಲ್ ದೇಶದ ಅರಿಸ್ಟೀಡೆಸ್ ಲೆಯಾವೊ ಎಂಬ ವಿಜ್ಞಾನಿ, ಮೊಲದ ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಹರಡುವ ಒಂದು ಸ್ತಬ್ಧತೆಯ ಅಲೆಯನ್ನು ಕಂಡುಹಿಡಿದ. ಅಂಥದೇ ಅಲೆ ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದ ಮೇಲೆ ಹಾದುಹೋಗುವಾಗ ಈ ಕೋಟೆಗೆರೆಗಳು ಕಾಣುತ್ತವೆಂದು ಈಗ ತಿಳಿಯಲಾಗಿದೆ. ಇದನ್ನು ಗುರುತಿಸಲು ಮನೆಯಲ್ಲಿಯೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಗೆರೆಗಳು ಕಾಣುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿರಿ, ಬಳಿಕ ಇನ್ನೊಂದನ್ನು. ಯಾವ ಕಣ್ಣು ಮುಚ್ಚಿದರೂ ಗೆರೆ ಕಾಣುತ್ತಲೇ ಇದ್ದರೆ ಮೂಲ ಮಿದುಳಿನಲ್ಲಿದೆ. ಒಂದು ಕಣ್ಣಿನಿಂದ ಮಾತ್ರ ಕಂಡರೆ, ಅಥವಾ ಒಂದೇ ಕಣ್ಣು ಕತ್ತಲಾದರೆ, ದೋಷ ಆ ಕಣ್ಣಿನಲ್ಲೋ ಅದರ ರಕ್ತನಾಳದಲ್ಲೋ ಅದರ ನರದಲ್ಲೋ ಇರಬಹುದು. ಅದನ್ನು ಬೇಗನೆ ತೋರಿಸಬೇಕು. ಮೈಗ್ರೇನಿನ ಗೆರೆಗಳು ಮೆಲ್ಲಗೆ ಹರಡುತ್ತವೆ, 5 ನಿಮಿಷದಿಂದ 60 ನಿಮಿಷದೊಳಗೆ ತಾವಾಗಿಯೇ ಅಳಿಯುತ್ತವೆ ಎಂಬುದೂ ನೆನಪಿರಲಿ. ಆದರೂ ಇಂಥ ಗೆರೆಗಳು ಮೊದಲ ಸಲ ಕಾಣಿಸಿದಾಗ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳುವುದೇ ಸರಿ.

ಮೈಗ್ರೇನನ್ನು ಕೆರಳಿಸುವ ಸಂಗತಿಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಹೊತ್ತು ಮೀರಿದ ಊಟ, ವ್ರತದ ಉಪವಾಸ, ನಿದ್ರೆಗೇಡು, ಬಿಸಿಲಿನಲ್ಲಿ ಸ್ಕೂಟರ್ ಪ್ರಯಾಣ, ಘಾಟಾದ ವಾಸನೆ. ಮುಂಬಯಿಯ ವೈದ್ಯ ಕೆ. ರವಿಶಂಕರ್ ಅವರು ತಲೆಗೆ ಸ್ನಾನ ಮಾಡಿದೊಡನೆ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಶುಕ್ರವಾರ ಎಣ್ಣೆನೀರು ಹಾಕಿಕೊಂಡರೆ ತಲೆ ಹಿಡಿಯುತ್ತದೆಂದು ಹೇಳುವ ಹೆಂಗಸರ ಮಾತು ಕೇವಲ ಭ್ರಮೆಯಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು. ಮೊದಲನೆಯದು, ನೋವಿನ ಗುಳಿಗೆಗಳನ್ನು ಕುರಿತದ್ದು. ಸಾಮಾನ್ಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಮದ್ದುಗಳನ್ನು ಬೆರೆಸಿದ ಗುಳಿಗೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೆ ಮಿಕ್ಕಿ ನುಂಗುತ್ತ ಬಂದರೆ ಆ ಗುಳಿಗೆಯೇ ತಲೆನೋವಿಗೆ ಕಾರಣವಾಗುತ್ತದೆ. ಎರಡನೆಯದು, ಗೆರೆ ಕಾಣುವ ಮೈಗ್ರೇನ್ ಇರುವ ಹೆಂಗಸರು ಈಸ್ಟ್ರೊಜೆನ್ ಇರುವ ಸಂತಾನನಿರೋಧಕ ಗುಳಿಗೆಗಳನ್ನು ಸೇವಿಸಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಈ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು.

ದೀಪದ ಸುತ್ತಲಿನ ಬಳೆ

ಈಗ ತಾಯಿಯ ಕಡೆಗೆ ಬರೋಣ. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಊರುತ್ತ, ಕರಿಗುಡ್ಡೆಯ ಅಂಚಿನಲ್ಲಿರುವ ಒಂದು ಸಣ್ಣ ಮೂಲೆಯ ಮೂಲಕ ಹೊರಕ್ಕೆ ಬಸಿಯುತ್ತ ಇರುತ್ತದೆ. ಊರಿದಷ್ಟು ಬಸಿದರೆ ಕಣ್ಣಿನ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದ ಮಟ್ಟದಲ್ಲಿರುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಮೂಲೆ ಇಕ್ಕಟ್ಟು. ವಯಸ್ಸಾದಂತೆ ಕಣ್ಣಿನ ಮಸೂರ ದಪ್ಪವಾಗಿ ಮುಂದಕ್ಕೆ ಒತ್ತಿ ಅದನ್ನು ಇನ್ನಷ್ಟು ಕಿರಿದಾಗಿಸುತ್ತದೆ. ಸಂಜೆಯ ಮಬ್ಬಿನಲ್ಲಿ, ಸಿನಿಮಾ ಮಂದಿರದ ಕತ್ತಲೆಯಲ್ಲಿ ಪಾಪೆ ಅರಳಿದಾಗ, ಮಡಿಸಿದ ಪರದೆಯಂತೆ ಅದರ ಅಂಚು ಮೂಲೆಯನ್ನು ಮುಚ್ಚಿಬಿಡುತ್ತದೆ. ಬಚ್ಚಲಿನ ಕಿಂಡಿಗೆ ಬಟ್ಟೆ ಸಿಕ್ಕಿದಂತೆ ನೀರು ನಿಂತು ಒತ್ತಡ ಏರುತ್ತದೆ. ಕರಿಗುಡ್ಡೆ ಊದಿ, ಬೆಳಕನ್ನು ಚೆದುರಿಸಿ, ದೀಪದ ಸುತ್ತ ಬಣ್ಣದ ಬಳೆ ತೋರುತ್ತದೆ. ನಿದ್ರೆಯಲ್ಲಿ ಪಾಪೆ ಕುಗ್ಗುವುದರಿಂದ ಮೂಲೆ ತೆರೆದುಕೊಂಡು ಬೆಳಗ್ಗೆ ಎಲ್ಲವೂ ಸರಿಯಾಗಿರುತ್ತದೆ. ಕೀರ್ತಿ ಮಾತ್ರ ಕಷಾಯಕ್ಕೆ ಸಲ್ಲುತ್ತದೆ!

ಇದು ಗ್ಲಾಕೋಮಾ ರೋಗದ ಒಂದು ಬಗೆ. ನಲವತ್ತು ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ದೂರದೃಷ್ಟಿಯ ಕನ್ನಡಕ ಹಾಕುವವರಲ್ಲಿ, ಯೂರೋಪಿನವರಿಗಿಂತ ಏಷ್ಯಾದವರಲ್ಲಿ ಇದು ಹೆಚ್ಚು. ಒಂದು ದಿನ ಮುಚ್ಚಿದ ಮೂಲೆ ಮತ್ತೆ ತೆರೆಯದೆ ಹೋದರೆ ಒತ್ತಡ 50ನ್ನೂ ಮೀರಬಹುದು. ಕಣ್ಣು ಕೆಂಪಗಾಗಿ, ಕಲ್ಲಿನಂತೆ ಗಡುಸಾಗಿ, ಸಿಡಿಯುವ ತಲೆನೋವಿನೊಡನೆ ವಾಂತಿ ತೊಡಗುತ್ತದೆ. ವಾಂತಿಯೇ ಪ್ರಬಲವಾಗಿ ಹೊಟ್ಟೆಯ ರೋಗವೆಂಬ ಭ್ರಾಂತಿ ಹುಟ್ಟಿ, ಕಣ್ಣನ್ನು ನೋಡುವವರೇ ಇಲ್ಲದೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುವುದುಂಟು. ನೆಗಡಿಯ ಕೆಲವು ಗುಳಿಗೆಗಳೂ ಹೊಟ್ಟೆನೋವಿನ ಕೆಲವು ಮದ್ದುಗಳೂ ಪಾಪೆಯನ್ನು ಅರಳಿಸಿ ಇಂಥ ಕಣ್ಣಿನಲ್ಲಿ ಆಪತ್ತನ್ನು ತರಬಲ್ಲವು. ಮೈಗ್ರೇನಿಗಾಗಿ ಕೊಡುವ ಟೋಪಿರಮೇಟ್ ಎಂಬ ಔಷಧಿಯೂ, ಅಪರೂಪವಾಗಿ, ಆರಂಭದ ವಾರಗಳಲ್ಲಿ ಕಣ್ಣನ್ನು ಹಠಾತ್ತನೆ ಮಬ್ಬಾಗಿಸಿ ಒತ್ತಡವನ್ನು ಏರಿಸಬಹುದು.

ರಾಜಾಜಿನಗರದ ವೆಸ್ಟ್ ಆಫ್ ಕಾರ್ಡ್ ರೋಡಿನ ಕಡೆ ಡಾ. ಮೋದಿಯವರ ಹೆಸರಿನ ಆಸ್ಪತ್ರೆಯನ್ನೂ ರಸ್ತೆಯನ್ನೂ ಅರಿಯದವರು ವಿರಳ. 2005ರಲ್ಲಿ ಕಾಲವಾದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಪೊರೆ ತೆಗೆದು ಅಸಂಖ್ಯ ಜನರಿಗೆ ದೃಷ್ಟಿ ಮರಳಿಸಿದರು, 1968ರಲ್ಲಿ ಪದ್ಮಭೂಷಣರಾದರು. ಕೈಹಿಡಿದು ಕರೆತಂದ ಮುದುಕಿ ತಾನೇ ನಡೆದು ಮನೆಗೆ ಹೋದ ಕಥೆಗಳನ್ನು ಕೇಳಿ ಬೆಳೆದ ನಮಗೆ, ಕುರುಡೆಂದರೆ ಕೊನೆಗೊಂದು ಶಸ್ತ್ರಚಿಕಿತ್ಸೆಯಿಂದ ತೆರೆದೀತು ಎಂಬ ಭರವಸೆ ಮನಸ್ಸಿನಲ್ಲಿ ಬೇರೂರಿದೆ. ಪೊರೆಯ ವಿಷಯದಲ್ಲಿ ಅದು ಸತ್ಯ. ಆದರೆ ಕಣ್ಣನ್ನು ಮಿದುಳಿಗೆ ಸೇರಿಸುವ ದೃಷ್ಟಿನರದ ವಿಷಯದಲ್ಲಿ ಸತ್ಯವಲ್ಲ. ಸುಮಾರು 10 ಲಕ್ಷ ಎಳೆಗಳುಳ್ಳ ಈ ನರ ಒತ್ತಡದಿಂದ ಒಮ್ಮೆ ಒಣಗಿತೆಂದರೆ ಮರಳಿ ಚಿಗುರುವುದಿಲ್ಲ. ಪೊರೆಗೆ ಕಾಯಬಹುದು, ನರಕ್ಕೆ ಕಾಯುವಂತಿಲ್ಲ.

ತಲೆಬುರುಡೆಯೊಳಗಿನ ಒತ್ತಡ

ಕಣ್ಣು ಚೆನ್ನಾಗಿದ್ದು ತಲೆಬುರುಡೆಯೊಳಗೆ ಒತ್ತಡ ಏರುವುದು ಮತ್ತೊಂದು ಬಗೆ. ಇದರ ನಡತೆ ಕನ್ನಡಕದ ತಲೆನೋವಿಗೆ ತೀರ ವಿರುದ್ಧ. ಮಲಗಿ ಎದ್ದಾಗ, ಬೆಳಗಿನ ಜಾವದಲ್ಲಿ ನೋವು ಹೆಚ್ಚು. ಕೆಮ್ಮಿದರೆ, ಮುಕ್ಕಿದರೆ, ಬಾಗಿ ರಂಗೋಲಿ ಇಟ್ಟರೆ ಹೆಚ್ಚು. ಬಾಗಿ ಎದ್ದಾಗ ಕೆಲವು ಸೆಕೆಂಡು ಕಣ್ಣಿಗೆ ಕತ್ತಲು ಕವಿದು ಬಿಡುತ್ತದೆ. ನಾಡಿಯ ತಾಳಕ್ಕೆ ಸರಿಯಾಗಿ ಕಿವಿಯಲ್ಲಿ ಹುಯ್ಯೆಂಬ ಸದ್ದು ಕೇಳಬಹುದು. ಒಂದು ವಸ್ತು ಎರಡಾಗಿ ಕಾಣಬಹುದು.

ಮಿದುಳಿನ ಗೆಡ್ಡೆ ಇದಕ್ಕೆ ಒಂದು ಕಾರಣ. ಜನರು ಮೊದಲು ಹೆದರುವುದೂ ಅದಕ್ಕೇ. ಆದರೆ ಗೆಡ್ಡೆ ಇಲ್ಲದೆಯೂ, ಮೈತೂಕ ಹೆಚ್ಚಿದ ತರುಣಿಯರಲ್ಲಿ ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರಿ ದೃಷ್ಟಿನರದ ತಲೆ ಊದಿಕೊಳ್ಳುವುದುಂಟು. ಮೊಡವೆಗೆ ಕೊಡುವ ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳೂ ಅತಿಯಾದ 'ಎ' ಜೀವಸತ್ತ್ವವೂ ಇದನ್ನು ತರಬಲ್ಲವು. ಸಕಾಲದಲ್ಲಿ ತಿಳಿದರೆ ತೂಕ ಇಳಿಸಿ, ಔಷಧಿ ಕೊಟ್ಟು ಕಣ್ಣನ್ನು ಉಳಿಸಬಹುದು.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದವಳು ಬಾಣಂತಿ. ಹೆರಿಗೆಯಾದ ಆರು ವಾರಗಳವರೆಗೆ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವವನ್ನು ತಾಳಿರುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆಂದು ಬಾಯಾರಿಸಿ ಇಡುವ ಹಳೆಯ ಪದ್ಧತಿ ಆ ಸ್ವಭಾವಕ್ಕೆ ಒತ್ತಾಸೆ ಕೊಡುತ್ತದೆ. ಮಿದುಳಿನಿಂದ ರಕ್ತವನ್ನು ಹೊರತರುವ ಸಿರೆಯಲ್ಲಿ ಹೆಪ್ಪುಗಟ್ಟಿದರೆ ಬಿಡದ ತಲೆನೋವು, ಮಬ್ಬುದೃಷ್ಟಿ, ವಾಂತಿ, ಕಡೆಗೆ ಸೆಳವು. ಬಾಣಂತಿಯ ತಲೆನೋವನ್ನು ಶೀತವೆಂದು ತಲೆಗೆ ಬಟ್ಟೆ ಕಟ್ಟಿ ಕಾಯುತ್ತ ಕೂರಬಾರದು. ಹಾರ್ಮೋನು ಗುಳಿಗೆಗಳನ್ನು ಸೇವಿಸುತ್ತಿರುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಅಪರೂಪವಾದರೂ ಅರಿತಿರಬೇಕಾದವು

ಮಿದುಳಿನ ತಳದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಎರಡು ಕಣ್ಣುಗಳ ನರಗಳೂ ಅದರ ಮೇಲೆಯೇ ಅಡ್ಡಹಾಯುತ್ತವೆ. ಗ್ರಂಥಿ ಗೆಡ್ಡೆಯಾಗಿ ಬೆಳೆದರೆ ಎರಡೂ ಪಕ್ಕಗಳ ದೃಷ್ಟಿ ನಷ್ಟವಾಗುತ್ತದೆ. ಎದುರಿನ ಅಕ್ಷರ ಸ್ಪಷ್ಟವಾಗಿ ಕಾಣುವುದರಿಂದ ರೋಗಿಗೆ ಅದು ತಿಳಿಯುವುದೇ ಇಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತ, ಪಕ್ಕದಿಂದ ಬಂದ ಸೈಕಲ್ಲಿಗೆ ಅಡ್ಡ ಹೋಗುತ್ತ ಇರುತ್ತಾನೆ. ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಮಗುವಿಲ್ಲದಿದ್ದರೂ ಎದೆಹಾಲು ಬರುವುದು, ಕೆಲವರಲ್ಲಿ ಉಂಗುರವೂ ಚಪ್ಪಲಿಯೂ ಬಿಗಿಯಾಗುವುದು ಇದರ ಜೊತೆಗಾರ ಚಿಹ್ನೆಗಳು.

ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವು, ತಲೆ ಬಾಚಿದರೆ ನೆತ್ತಿ ನೋಯುವುದು, ಅಗಿಯುವಾಗ ದವಡೆ ಸೋಲುವುದು—ಇವು ಕೂಡಿದರೆ ಕಪೋಲದ ರಕ್ತನಾಳದ ಉರಿಯೂತವಿರಬಹುದು. ನಮ್ಮ ದೇಶದಲ್ಲಿ ಇದು ಯೂರೋಪಿನಷ್ಟು ಸಾಮಾನ್ಯವಲ್ಲವಾದರೂ, ಬಂದಲ್ಲಿ ಹಠಾತ್ತನೆ ಕಣ್ಣು ಹೋಗುತ್ತದೆ. ಸ್ಟೀರಾಯ್ಡ್ ಔಷಧಿಯನ್ನು ಅಂದೇ ಆರಂಭಿಸಿದರೆ ಉಳಿಯುತ್ತದೆ. ರಕ್ತದ ಒತ್ತಡ ವಿಪರೀತವಾಗಿ ಏರಿದಾಗಲೂ ತಲೆ ನೋಯುತ್ತದೆ, ದೃಷ್ಟಿ ಮಸುಕಾಗುತ್ತದೆ. ಆದುದರಿಂದ ತಲೆನೋವಿನವರು ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳದೆ ವೈದ್ಯರ ಕೋಣೆಯಿಂದ ಹೊರಬರಬಾರದು.

ಪಾಪೆಯೆಂಬ ಕಿಟಕಿ

ಇಷ್ಟು ಬಗೆಯ ರೋಗಗಳನ್ನು ಬೇರ್ಪಡಿಸುವುದು ಹೇಗೆ? ಅದೃಷ್ಟವಶಾತ್ ದೇಹದಲ್ಲಿ, ಕೊಯ್ಯದೆಯೇ ನರವನ್ನೂ ರಕ್ತನಾಳವನ್ನೂ ಕಣ್ಣಾರೆ ಕಾಣಬಹುದಾದ ಕಿಟಕಿಯೊಂದಿದೆ, ಅದೇ ಪಾಪೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ತನ್ನ ನೇತ್ರದರ್ಶಕವನ್ನು ಲೋಕಕ್ಕೆ ತಿಳಿಸಿದಂದಿನಿಂದ ವೈದ್ಯರು ಈ ಕಿಟಕಿಯೊಳಗೆ ಇಣುಕುತ್ತ ಬಂದಿದ್ದಾರೆ. ಮಿದುಳಿನ ಒತ್ತಡ ಏರಿದ್ದರೆ ದೃಷ್ಟಿನರದ ತಲೆ ಊದಿರುತ್ತದೆ. ಗ್ಲಾಕೋಮಾ ಬಹುಕಾಲ ಇದ್ದರೆ ಅದೇ ಗುಳಿಬಿದ್ದಿರುತ್ತದೆ. ರಕ್ತದ ಒತ್ತಡದ ಗುರುತುಗಳೂ ಅಲ್ಲಿಯೇ ಬರೆದಿರುತ್ತವೆ.

ಆದುದರಿಂದ ಕನ್ನಡಕದ ನಂಬರಿನ ಪರೀಕ್ಷೆ ಬೇರೆ, ಕಣ್ಣಿನ ಪರೀಕ್ಷೆ ಬೇರೆ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಅಕ್ಷರಗಳ ಹಲಗೆಯನ್ನು ಕೊನೆಯ ಸಾಲಿನವರೆಗೂ ಓದಿದವನ ದೃಷ್ಟಿನರ ಊದಿರಬಹುದು. ಕಣ್ಣಿನ ಒತ್ತಡ ಅಳೆದರೆ? ಮೂಲೆ ಇಕ್ಕಟ್ಟಾಗಿದೆಯೇ ಎಂದು ನೋಡಿದರೆ? ಪಾಪೆ ಅರಳಿಸಿ ಹಿಂಭಾಗವನ್ನು ಪರೀಕ್ಷಿಸಿದರೆ? ಈ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಉಂಟು. ಇಕ್ಕಟ್ಟಾದ ಮೂಲೆಯಿದ್ದರೆ ಪಾಪೆ ಅರಳಿಸುವ ಹನಿಯೇ ತೊಂದರೆ ಕೊಡಬಹುದಾದುದರಿಂದ, ವೈದ್ಯರು ಮೊದಲು ಮೂಲೆಯನ್ನು ನೋಡಿ ಬಳಿಕ ಹನಿ ಹಾಕುತ್ತಾರೆ.

ಪಶ್ಚಿಮ ಬೆಂಗಳೂರಿನವರಿಗೆ ದಾರಿ ದೂರವೇನೂ ಅಲ್ಲ. 1896ರಲ್ಲಿ ಚಿಕ್ಕದಾಗಿ ಆರಂಭವಾಗಿ 1913ರಲ್ಲಿ ಸ್ವಂತ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆ ಕೃಷ್ಣರಾಜ ಮಾರುಕಟ್ಟೆಯ ಬಳಿ ಇದೆ. 2021ರಲ್ಲಿ ನಾಯಂಡಹಳ್ಳಿಗೆ ಮೆಟ್ರೋ ಬಂದ ಮೇಲೆ, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿಯಬಹುದು. ಮಿದುಳಿನ ತಜ್ಞರು ಬೇಕೆಂದಾದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಹನಿ ಹಾಕಿಸಿಕೊಂಡವರಿಗೆ ನಾಲ್ಕಾರು ಗಂಟೆ ಹತ್ತಿರದ ನೋಟ ಮಸುಕು, ಬಿಸಿಲು ಅಸಹ್ಯ. ಆದುದರಿಂದ ಸ್ಕೂಟರನ್ನು ಮನೆಯಲ್ಲಿಯೇ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಜಾಣತನ.

ಒಂದು ಪುಟ್ಟ ಪುಸ್ತಕ

ವೈದ್ಯರ ಮುಂದೆ ಕುಳಿತಾಗ "ತಲೆನೋವು, ಡಾಕ್ಟ್ರೇ" ಎಂದಷ್ಟೇ ಹೇಳಿ ಸುಮ್ಮನಾಗುವವರೇ ಹೆಚ್ಚು. ಹಾಲಿನ ಲೆಕ್ಕ ಬರೆಯುವ ಪುಟ್ಟ ಪುಸ್ತಕದಲ್ಲಿ ತಲೆನೋವಿನ ಲೆಕ್ಕವನ್ನೂ ಬರೆದಿಟ್ಟರೆ ಅರ್ಧ ರೋಗನಿರ್ಣಯ ಆದಂತೆಯೇ. ನೋವು ಬಂದ ದಿನ, ಹೊತ್ತು, ತಲೆಯ ಯಾವ ಭಾಗ, ಎಷ್ಟು ಹೊತ್ತು ಇದ್ದಿತು. ಕಣ್ಣಿಗೆ ಕಂಡದ್ದೇನು—ಗೆರೆಯೇ, ಬಳೆಯೇ, ಕತ್ತಲೆಯೇ. ಒಂದು ಕಣ್ಣಿಗೋ ಎರಡಕ್ಕೋ. ಆ ದಿನ ಊಟ, ನಿದ್ರೆ, ಮುಟ್ಟು ಹೇಗಿದ್ದವು. ನುಂಗಿದ ಗುಳಿಗೆ ಯಾವುದು, ಎಷ್ಟು—ಇಷ್ಟು ಸಾಕು.

ಆದರೆ ಕೆಲವು ಸಂದರ್ಭಗಳಲ್ಲಿ ಪುಸ್ತಕಕ್ಕೂ ಸಮಯವಿಲ್ಲ. ಸಿಡಿಲೆರಗಿದಂತೆ ಕ್ಷಣಾರ್ಧದಲ್ಲಿ ತುತ್ತತುದಿಗೇರಿದ ತಲೆನೋವು. ಹಠಾತ್ತನೆ ದೃಷ್ಟಿ ಹೋಗುವುದು ಅಥವಾ ಎರಡೆರಡಾಗಿ ಕಾಣುವುದು. ಕೆಂಪೇರಿದ ಕಣ್ಣಿನೊಡನೆ ತಲೆನೋವೂ ವಾಂತಿಯೂ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು. ಜ್ವರದೊಡನೆ ಕತ್ತು ಬಿಗಿಯುವುದು. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಗರ್ಭಿಣಿ ಬಾಣಂತಿಯರ ತೀವ್ರ ತಲೆನೋವು—ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲೆಂದು ಕಾಯದೆ, ಭಾನುವಾರವೆಂದು ಹಿಂಜರಿಯದೆ, 108ಕ್ಕೆ ಕರೆಮಾಡಿಯಾದರೂ ಆಸ್ಪತ್ರೆ ಸೇರಬೇಕು.

ನಾಯಂಡಹಳ್ಳಿಯ ಆ ಮನೆಗೆ ಮರಳೋಣ. ಆಕೆ ನಾಲ್ಕನೆಯ ಸಂಜೆಗಾಗಿ ಕಾಯದೆ ಕಣ್ಣಿನ ವೈದ್ಯರ ಬಳಿಗೆ ಹೋದಳೆಂದು ಭಾವಿಸಿರಿ. ಹಗಲಿನಲ್ಲಿ ಅಳೆದಾಗ ಒತ್ತಡ ಸರಿಯಾಗಿಯೇ ಇದ್ದೀತು. ಆದರೆ ದೀಪದ ಸುತ್ತ ಬಳೆ ಕಂಡ ಸಂಗತಿಯನ್ನು ಆಕೆ ಹೇಳಿದರೆ, ವೈದ್ಯರು ಪುಟ್ಟ ಮಸೂರವೊಂದನ್ನು ಕಣ್ಣಿಗೆ ತಾಗಿಸಿ ಆ ಇಕ್ಕಟ್ಟಾದ ಮೂಲೆಯನ್ನು ಕಂಡಾರು. ಪಾಪೆಯ ಸುತ್ತಲಿನ ಪರದೆಯಲ್ಲಿ ಲೇಸರ್ ಕಿರಣದಿಂದ ಸೂಜಿಮೊನೆಯಷ್ಟು ರಂಧ್ರ ಮಾಡಿದರೆ ನೀರಿಗೆ ಹೊಸ ದಾರಿಯಾಗುತ್ತದೆ. ಕೆಲವೇ ನಿಮಿಷಗಳ ಕೆಲಸ, ಹಾಸಿಗೆ ಹಿಡಿಯಬೇಕಾಗಿಲ್ಲ. ಇನ್ನೊಂದು ಕಣ್ಣಿನ ರಚನೆಯೂ ಸಾಮಾನ್ಯವಾಗಿ ಹಾಗೆಯೇ ಇರುವುದರಿಂದ ಅದಕ್ಕೂ ಇದೇ ಚಿಕಿತ್ಸೆ. ಆಮೇಲೆಯೂ ಆಗಾಗ ಪರೀಕ್ಷೆ ತಪ್ಪಿಸಬಾರದು. ಇಂಥ ಕಣ್ಣು ರಕ್ತಸಂಬಂಧಿಗಳಲ್ಲಿಯೂ ಇರಬಹುದಾದುದರಿಂದ ಆಕೆಯ ಅಕ್ಕತಂಗಿಯರೂ ಒಮ್ಮೆ ತೋರಿಸಿಕೊಳ್ಳಬೇಕು. ಮಗಳಿಗಾದರೋ ಹೊತ್ತಿಗೆ ಊಟ, ಹೊತ್ತಿಗೆ ನಿದ್ರೆ, ವೈದ್ಯರು ಬರೆದುಕೊಟ್ಟ ಮದ್ದು.

ಅತ್ತೆಯ ಶುಂಠಿ ಕಷಾಯವನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಅದನ್ನು ಕುಡಿದು ಮಲಗುವ ಮುನ್ನ ಮನೆಯವರು "ಕಣ್ಣಿಗೆ ಏನು ಕಂಡಿತು?" ಎಂಬ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆದಿಟ್ಟು, ಆ ವಾರವೇ ವೈದ್ಯರಿಗೆ ಒಪ್ಪಿಸಿದರೆ ಸಾಕು.